ಟ್ರಾಮಿನಿಂದ ಇಳಿಯುವ ಮಾತು: ಇಟಲಿಯವರಿಗೆ 'ಗೆಟ್' ಕಲಿಸುವಾಗ ಕಂಡದ್ದು

ಟ್ಯೂರಿನ್ ನಗರದ ಟ್ರಾಮ್‌ಗಳಲ್ಲಿ ಜನ ತುಂಬಿರುವಾಗ, ಬಾಗಿಲ ಬಳಿ ನಿಂತವರ ಬೆನ್ನ ಹಿಂದಿನಿಂದ ಒಂದೇ ಪದದ ಪ್ರಶ್ನೆಯೊಂದು ಕೇಳಿಬರುತ್ತದೆ: 'ಶೆಂದೆ?' ಇಳಿಯುತ್ತೀರಾ ಎಂದು ಅದರ ಅರ್ಥ. ಇಳಿಯುವವರಲ್ಲದಿದ್ದರೆ ಸ್ವಲ್ಪ ಸರಿದು ದಾರಿ ಬಿಡಿ ಎಂಬ ಕೋರಿಕೆಯೂ ಅದರೊಳಗೇ ಅಡಗಿದೆ. ಬೆಂಗಳೂರಿನ ಸಿಟಿ ಬಸ್ಸುಗಳಲ್ಲಿ ವರ್ಷಗಟ್ಟಲೆ ಓಡಾಡಿ ಇಲ್ಲಿಗೆ ಬಂದ ನನಗೆ ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದಾಗ ಅನುವಾದವೇ ಬೇಕಾಗಲಿಲ್ಲ, 'ಇಳೀತೀರಾ?' ಎಂಬುದೇ ಬೇರೊಂದು ದನಿಯಲ್ಲಿ ಕಿವಿಗೆ ಬಿದ್ದಂತಾಯಿತು.

ಸಾನ್ ಸಲ್ವಾರಿಯೊ ಬಡಾವಣೆಯ ನಮ್ಮ ಮನೆಯಲ್ಲಿ ಪ್ರತಿ ಮಂಗಳವಾರ ಸಂಜೆ ನೆರೆಹೊರೆಯ ಐದು ಮಂದಿ ಅಡುಗೆಮನೆಯ ಮೇಜಿನ ಸುತ್ತ ಕುಳಿತು ಇಂಗ್ಲಿಷ್ ಅಭ್ಯಾಸ ಮಾಡುತ್ತಾರೆ. ಅವರಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಟ್ರಾಮಿನ ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಗೆ ಕೇಳಬೇಕೆಂದು ಒಂದು ಸಂಜೆ ಅವರು ವಿಚಾರಿಸಿದರು. ನಾನು ಉತ್ತರಿಸುವ ಮೊದಲೇ ಪಕ್ಕದವರೊಬ್ಬರು 'ಡು ಯು ಡಿಸೆಂಡ್?' ಎಂದರು. ನಾನು 'ಆರ್ ಯು ಗೆಟಿಂಗ್ ಆಫ್?' ಎಂದು ಕಾಗದದ ಮೇಲೆ ಬರೆದೆ. ನರ್ಸ್ ಅದನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರು. 'ಗೆಟ್' ಎಂದರೆ ಪಡೆಯುವುದು, 'ಆಫ್' ಎಂದರೆ ದೀಪವೋ ಯಂತ್ರವೋ ಆರಿದ ಸ್ಥಿತಿ. ಪಡೆಯುವುದನ್ನೂ ಆರಿಸುವುದನ್ನೂ ಕೂಡಿಸಿದರೆ ಟ್ರಾಮಿನಿಂದ ಇಳಿಯುವುದು ಹೇಗಾಗುತ್ತದೆ ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವುದರಲ್ಲಿ ನನಗೆ ಹೆಚ್ಚುಕಡಿಮೆ ಒಂದು ವರ್ಷವೇ ಕಳೆಯಿತು. ಆ ಹುಡುಕಾಟದಲ್ಲಿ ಕಂಡುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಾನೂ ಎಲ್ಲರಂತೆ ಪಟ್ಟಿಯನ್ನೇ ಕೊಟ್ಟೆ. 'ಗೆಟ್' ಎಂಬುದಕ್ಕೆ ಇಟಾಲಿಯನ್ನಿನಲ್ಲಿ ಪಡೆಯುವುದು, ಸ್ವೀಕರಿಸುವುದು, ತೆಗೆದುಕೊಳ್ಳುವುದು, ಆಗುವುದು, ತಲುಪುವುದು, ಅರ್ಥಮಾಡಿಕೊಳ್ಳುವುದು ಎಂದು ಒಂದೊಂದು ಸಂದರ್ಭಕ್ಕೆ ಒಂದೊಂದು ಕ್ರಿಯಾಪದವಿದೆ. ಅದರ ಮುಂದೆ 'ಅಪ್', 'ಆನ್', 'ಓವರ್', 'ಬೈ', 'ಅವೇ' ಎಂಬ ಅವ್ಯಯಗಳು ಬಂದು ನಿಂತರಂತೂ ಪಟ್ಟಿ ಎರಡು ಪುಟ ದಾಟುತ್ತದೆ. ಶ್ರದ್ಧೆಯಿಂದ ಬಾಯಿಪಾಠ ಮಾಡಿದವರು ಮುಂದಿನ ವಾರ ಬಂದು ಅವುಗಳಲ್ಲಿ ಒಂದನ್ನೂ ಬಳಸದೆ ಮಾತಾಡಿ ಹೋದರು. ಅವರ ನೆನಪಿನ ಶಕ್ತಿಯಲ್ಲಿ ಕೊರತೆಯಿರಲಿಲ್ಲ. ಅವರಿಗೆ ಆ ಪದಗಳ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಲ್ಯಾಟಿನ್ ಮೂಲದ ಇಂಗ್ಲಿಷ್ ಪದಗಳು ಅವರ ಕೈಗೆ ಮೊದಲೇ ಎಟುಕುತ್ತಿದ್ದವು.

ಇದು ಇಟಲಿಯವರಿಗೆ ಒದಗಿದ ವರವೂ ಹೌದು, ತೊಡಕೂ ಹೌದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳು ಅರಮನೆ, ನ್ಯಾಯಾಲಯ, ಪಾಠಶಾಲೆಗಳ ಮೂಲಕ ಇಂಗ್ಲಿಷಿನೊಳಗೆ ಬಂದು ನೆಲೆಸಿದವು. ಹಳೆಯ ಜರ್ಮಾನಿಕ್ ಕ್ರಿಯಾಪದಗಳು ಮನೆ, ಹೊಲ, ಬೀದಿಗಳ ಮಾತಿನಲ್ಲಿ ಉಳಿದವು. ಹೀಗಾಗಿ ಬೆಂಕಿ ಆರಿಸುವುದನ್ನು 'ಎಕ್ಸ್‌ಟಿಂಗ್ವಿಶ್' ಎನ್ನುವುದೂ, ಸಹಿಸುವುದನ್ನು 'ಟಾಲರೇಟ್' ಎನ್ನುವುದೂ ಇಟಾಲಿಯನ್ ಬಲ್ಲವರಿಗೆ ತಮ್ಮ ಮನೆಯ ಮಾತಿನಷ್ಟೇ ಸುಲಭ. ಆದರೆ ಇಂಗ್ಲಿಷ್ ಕೇಳುಗರ ಕಿವಿಗೆ ಅದು, ತರಕಾರಿ ಅಂಗಡಿಯ ಮುಂದೆ ನಿಂತು 'ಅರ್ಧ ಕಿಲೋ ವೃಂತಾಕವನ್ನು ದಯಪಾಲಿಸಿ' ಎಂದಂತೆ ಕೇಳುತ್ತದೆ. ವಾಕ್ಯ ತಪ್ಪಲ್ಲ, ಮಾತು ಮಾತ್ರ ಎದುರಿಗಿರುವವರಿಂದ ದೂರ ನಿಂತುಬಿಡುತ್ತದೆ. ನಮ್ಮ ನರ್ಸ್ ಇಂಗ್ಲಿಷ್ ಕಲಿಯುತ್ತಿರುವುದು ಲೀಡ್ಸ್ ನಗರದಲ್ಲಿರುವ ನಾಲ್ಕು ವರ್ಷದ ಮೊಮ್ಮಗಳ ಜೊತೆ ಮಾತಾಡುವುದಕ್ಕೆ. ಆ ಮಗುವಿಗೆ 'ಡಿಸೆಂಡ್' ಗೊತ್ತಿಲ್ಲ, 'ಗೆಟ್ ಡೌನ್' ಗೊತ್ತಿದೆ. ಬ್ಯಾಂಕಿನ ಪತ್ರ ಓದಿ ಅರ್ಥ ಮಾಡಿಕೊಳ್ಳಬಲ್ಲ ಅಜ್ಜಿಗೆ ಮಗುವಿನ ಮಾತು ಅರ್ಥವಾಗದಿರುವುದಕ್ಕೆ ಕಾರಣ ಇದೇ. ಇದು ನನ್ನನ್ನು ಬಹಳ ಕಾಡಿದ ಸಂಗತಿ.

ಅವ್ಯಯ ಜೋಡಿಸಿಕೊಂಡ ಈ ಬಗೆಯ ಕ್ರಿಯಾಪದಗಳು ಪರಭಾಷಿಕರಿಗೆ ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಗುರುತಿಸಿದ್ದ. 'ಫ್ರೇಸಲ್ ವರ್ಬ್' ಎಂಬ ಹೆಸರು ಅಚ್ಚಿಗೆ ಬಂದದ್ದು ಮಾತ್ರ ಬಹಳ ತಡವಾಗಿ, 1925ರಲ್ಲಿ. ಕಷ್ಟಕ್ಕೆ ನಿಜವಾದ ಕಾರಣವನ್ನು ನನಗೆ ತಿಳಿಸಿಕೊಟ್ಟದ್ದು ಲಿಯೊನಾರ್ಡ್ ಟಾಲ್ಮಿ ಎಂಬ ಅಮೆರಿಕದ ಭಾಷಾವಿಜ್ಞಾನಿಯ ವಿಂಗಡಣೆ. ಚಲನೆಯನ್ನು ಹೇಳುವಾಗ ಕೆಲವು ಭಾಷೆಗಳು ದಾರಿಯನ್ನು, ಅಂದರೆ ಒಳಗೆ, ಹೊರಗೆ, ಮೇಲೆ, ಕೆಳಗೆ ಎಂಬುದನ್ನು, ಕ್ರಿಯಾಪದದೊಳಗೇ ಇಡುತ್ತವೆ; ಇನ್ನು ಕೆಲವು ಅದನ್ನು ಪಕ್ಕದಲ್ಲಿರುವ ಪುಟ್ಟ ಪದಕ್ಕೆ ಒಪ್ಪಿಸುತ್ತವೆ. ಇಟಾಲಿಯನ್ ಮೊದಲನೆಯ ಗುಂಪಿಗೆ ಸೇರಿದ್ದು, ಇಂಗ್ಲಿಷ್ ಎರಡನೆಯದಕ್ಕೆ. ಇಟಾಲಿಯನ್ನಿನಲ್ಲಿ ಹತ್ತುವುದು 'ಸಲೀರೆ', ಇಳಿಯುವುದು 'ಶೆಂದೆರೆ', ಹೊರಡುವುದು 'ಉಶೀರೆ'. ದಿಕ್ಕು ಆ ಪದಗಳ ಹೊಟ್ಟೆಯಲ್ಲೇ ಇದೆ. ಹತ್ತು, ಇಳಿ, ಹೊರಡು, ದಾಟು ಎನ್ನುವ ನಮ್ಮ ಕನ್ನಡವೂ ಈ ವಿಷಯದಲ್ಲಿ ಇಟಾಲಿಯನ್ನಿನ ಪಕ್ಕದಲ್ಲೇ ನಿಲ್ಲುತ್ತದೆ. ಇಂಗ್ಲಿಷಿನವರು ಹೊಳೆಯ 'ಅಡ್ಡಕ್ಕೆ ಈಜಿದರೆ', ನಾವು 'ಈಜಿ ದಾಟುತ್ತೇವೆ', ಇಟಲಿಯವರು 'ಈಜಿನಿಂದ ದಾಟುತ್ತಾರೆ'. 'ಗೆಟ್ ಆಫ್' ಎನ್ನುವಾಗ 'ಗೆಟ್' ಹೇಳುವುದು ಸ್ಥಿತಿ ಬದಲಾಯಿತು ಎಂಬಷ್ಟನ್ನು ಮಾತ್ರ. ಯಾವ ಕಡೆಗೆ ಬದಲಾಯಿತು ಎಂಬ ಮುಖ್ಯ ಸುದ್ದಿ ಇರುವುದು 'ಆಫ್'ನಲ್ಲಿ. ಕಲಿಯುವವರು ಕ್ರಿಯಾಪದವನ್ನು ಹಿಡಿದುಕೊಂಡು ಅವ್ಯಯವನ್ನು ಬಾಲವೆಂದು ತಿಳಿಯುತ್ತಾರೆ, ಆದರೆ ತಲೆಯಿರುವುದು ಬಾಲವೆಂದು ತಿಳಿದ ಕಡೆಯಲ್ಲೇ.

ಇಷ್ಟು ಹೊಳೆದ ಮೇಲೆ ನರ್ಸ್ ಕೇಳಿದ 'ಆಫ್' ಪ್ರಶ್ನೆಗೆ ಉತ್ತರಿಸುವುದು ಸುಲಭವಾಯಿತು. 'ಆನ್' ಎಂದರೆ ತಾಗಿಕೊಂಡಿರುವುದು, 'ಆಫ್' ಎಂದರೆ ತಾಗಿದ್ದು ಬಿಟ್ಟುಹೋಗುವುದು. ದೀಪದ ಸ್ವಿಚ್ಚಿನಲ್ಲಿ ಕಾಣುವ 'ಆಫ್' ಕೂಡ ಇದೇ, ವಿದ್ಯುತ್ತಿನ ಸಂಪರ್ಕ ಬಿಟ್ಟುಹೋಗುತ್ತದೆ. ಬಸ್ಸು, ರೈಲು, ಟ್ರಾಮು, ವಿಮಾನ, ಸೈಕಲ್ಲು, ಕುದುರೆ ಇವೆಲ್ಲಕ್ಕೂ 'ಗೆಟ್ ಆನ್' ಮತ್ತು 'ಗೆಟ್ ಆಫ್' ಬಳಸುತ್ತಾರೆ. ಕಾರು, ಟ್ಯಾಕ್ಸಿಗಳಿಗೆ 'ಗೆಟ್ ಇನ್' ಮತ್ತು 'ಗೆಟ್ ಔಟ್'. ಒಳಗೆ ಎದ್ದು ನಿಂತು ಓಡಾಡಬಹುದಾದ ಅಥವಾ ಬೆನ್ನೇರಿ ಕೂರುವ ವಾಹನಕ್ಕೆ 'ಆನ್', ಮೈ ಬಗ್ಗಿಸಿ ಒಳಹೊಕ್ಕು ಕೂರುವ ವಾಹನಕ್ಕೆ 'ಇನ್' ಎಂದು ವಿವರಿಸಬಹುದು. ಆದರೆ ಇಟಾಲಿಯನ್ನರಿಗೆ ಅಷ್ಟು ವಿವರಣೆಯ ಅಗತ್ಯವೂ ಇಲ್ಲ. ನಾನು ಟ್ರಾಮಿನಲ್ಲಿದ್ದೇನೆ ಎಂದು ಫೋನಿನಲ್ಲಿ ಹೇಳುವಾಗ ಅವರು 'ಸುಲ್ ತ್ರಾಮ್' ಎನ್ನುತ್ತಾರೆ, ಕಾರಿನಲ್ಲಿದ್ದೇನೆ ಎನ್ನುವಾಗ 'ಇನ್ ಮಾಕ್ಕಿನ' ಎನ್ನುತ್ತಾರೆ. ಮೇಲೆ ಮತ್ತು ಒಳಗೆ ಎಂಬ ಭೇದ ಅವರ ಬಾಯಲ್ಲಿ ಆಗಲೇ ಇದೆ. ಅದನ್ನು ತೋರಿಸಿಕೊಟ್ಟಾಗ ಮೇಜಿನ ಸುತ್ತಲಿದ್ದ ಐವರ ಮುಖದಲ್ಲೂ ಕಂಡ ಬೆಳಕನ್ನು ನಾನು ಮರೆಯಲಾರೆ. ಕನ್ನಡದಲ್ಲಿ ನಾವು ಎರಡಕ್ಕೂ 'ಅಲ್ಲಿ' ಪ್ರತ್ಯಯವನ್ನೇ ಹಚ್ಚುವುದರಿಂದ ನಮಗೆ ಈ ಅನುಕೂಲವಿಲ್ಲ. ನಾವು ಬಸ್ಸಿನಿಂದಲೂ ಕಾರಿನಿಂದಲೂ ಇಳಿಯುವವರಾದ್ದರಿಂದ ನಮ್ಮ ಇಂಗ್ಲಿಷಿನಲ್ಲಿ ಎಲ್ಲೆಡೆಯೂ 'ಗೆಟ್ ಡೌನ್' ಬರುತ್ತದೆ. ಮುಂದಿನ ಸ್ಟಾಪಿನಲ್ಲಿ 'ಗೆಟ್ ಡೌನ್' ಆಗಿ ಎಂದು ಭಾರತದಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದೆ ಇರುವುದಿಲ್ಲ. ನನ್ನ ಟ್ಯೂರಿನ್ ಗೆಳೆಯರೂ 'ಶೆಂದೆರೆ'ಯ ಪ್ರಭಾವದಿಂದ ಅದನ್ನೇ ಹೇಳುವುದನ್ನು ಕೇಳಿದಾಗ, ಎರಡು ದೂರದ ಭಾಷೆಗಳು ಒಂದೇ ದಾರಿ ಹಿಡಿದು ಅಲ್ಲಿಗೆ ಬಂದಿವೆಯಲ್ಲ ಎಂದು ಸಂತೋಷವಾಯಿತು.

ಇಟಾಲಿಯನ್ನಿನಲ್ಲಿ ಅವ್ಯಯ ಜೋಡಿಸಿದ ಕ್ರಿಯಾಪದಗಳೇ ಇಲ್ಲವೆಂದಲ್ಲ. ಮೇಲಕ್ಕೆಳೆಯುವುದಕ್ಕೆ 'ತಿರಾರೆ ಸು', ಕೆಳಗೆ ಕೆಡವುವುದಕ್ಕೆ 'ಬುತ್ತಾರೆ ಜು', ಎತ್ತಿಕೊಂಡು ಹೋಗುವುದಕ್ಕೆ 'ಪೊರ್ತಾರೆ ವೀಆ' ಎಂದು ಅವರು ದಿನಕ್ಕೆ ಹತ್ತಾರು ಸಲ ಹೇಳುತ್ತಾರೆ. ರಫಾಯೆಲೆ ಸಿಮೊನೆ ಎಂಬ ಭಾಷಾವಿಜ್ಞಾನಿ 1990ರ ದಶಕದಲ್ಲಿ ಇವುಗಳ ಕಡೆ ಗಮನ ಸೆಳೆದು 'ವೆರ್ಬಿ ಸಿಂತಗ್ಮಾತಿಚಿ', ಅಂದರೆ ಪದಗುಚ್ಛದ ಕ್ರಿಯಾಪದಗಳು, ಎಂದು ಹೆಸರಿಟ್ಟರು. ಉತ್ತರ ಇಟಲಿಯ ಉಪಭಾಷೆಗಳಲ್ಲಿ ಇವು ಇನ್ನೂ ಹೇರಳವಾಗಿವೆ. ಆದರೂ ಇಂಗ್ಲಿಷ್ ಕಲಿಯುವಾಗ ಯಾರೂ ಈ ಸಾಮಗ್ರಿಯನ್ನು ಹೊರತೆಗೆಯುವುದಿಲ್ಲ. ಏಕೆಂದರೆ ಇವು ಮನೆಮಾತು, ಪಾಠದ ಭಾಷೆಯಲ್ಲ ಎಂಬ ಭಾವನೆ ಆಳವಾಗಿ ಬೇರೂರಿದೆ. ಈ ಸಂಕೋಚವನ್ನು ಮೊದಲು ಬಿಡಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ವಿಷಯ ಮನಸ್ಸನ್ನು ಕುಗ್ಗಿಸುತ್ತದೆ ಎನ್ನುವುದಕ್ಕೆ ಇಂಗ್ಲಿಷಿನವರು 'ಇಟ್ ಗೆಟ್ಸ್ ಮಿ ಡೌನ್' ಎನ್ನುತ್ತಾರೆ, ಇಟಲಿಯವರು 'ಮಿ ಬುತ್ತ ಜು' ಎನ್ನುತ್ತಾರೆ. ಎರಡೂ ಕಡೆ ಮನಸ್ಸು ಕೆಳಗೇ ಬೀಳುತ್ತದೆ, ಅದನ್ನು ಬೀಳಿಸುವುದೂ ಒಂದು ಪುಟ್ಟ ಅವ್ಯಯವೇ.

ಪದಗಳ ಕ್ರಮಕ್ಕೂ ಇದೇ ದಾರಿ ನೆರವಾಗುತ್ತದೆ. ಸರ್ವನಾಮವು ಕ್ರಿಯಾಪದಕ್ಕೂ ಅವ್ಯಯಕ್ಕೂ ನಡುವೆ ಬರಬೇಕೆಂಬ ಇಂಗ್ಲಿಷ್ ನಿಯಮವನ್ನು ಎಷ್ಟು ಸಲ ಹೇಳಿದರೂ ಅವರು 'ಗೆಟ್ ಔಟ್ ಇಟ್' ಎನ್ನುತ್ತಿದ್ದರು. ಹೊರಗೆ ತೆಗೆ ಎಂದು ಆಜ್ಞೆ ಮಾಡುವಾಗ ಇಟಾಲಿಯನ್ನಿನಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. 'ತೀರಲೊ ಫುವೊರಿ!' ಎಂದರು. 'ತೀರ', 'ಲೊ', 'ಫುವೊರಿ' ಎಂದು ಅದನ್ನು ಬಿಡಿಸಿ, ಕೆಳಗೆ 'ಗೆಟ್', 'ಇಟ್', 'ಔಟ್' ಎಂದು ಬರೆದೆ. ಆ ತಪ್ಪು ಮತ್ತೆ ಅಷ್ಟಾಗಿ ಕೇಳಿಬರಲಿಲ್ಲ.

ಇನ್ನು 'ಗೆಟ್' ಮುಂದೆ ಅವ್ಯಯ ಬರದೆ ಗುಣವಾಚಕವೋ ಕೃದಂತವೋ ಬರುವ ದೊಡ್ಡ ಗುಂಪೊಂದಿದೆ: ಸಿಟ್ಟಾಗುವುದು, ದಣಿಯುವುದು, ಮದುವೆಯಾಗುವುದು, ಬಟ್ಟೆ ತೊಡುವುದು, ದಾರಿ ತಪ್ಪುವುದು, ರೂಢಿಯಾಗುವುದು. ಇದಕ್ಕೆ ಬಾಗಿಲು ತೆರೆದದ್ದು ನನ್ನ ಕನ್ನಡ. ನಾವು ಕೋಪಿಸಿಕೊಳ್ಳುತ್ತೇವೆ, ಬಟ್ಟೆ ಹಾಕಿಕೊಳ್ಳುತ್ತೇವೆ, ಮದುವೆ ಮಾಡಿಕೊಳ್ಳುತ್ತೇವೆ, ರೂಢಿಸಿಕೊಳ್ಳುತ್ತೇವೆ. ಕೆಲಸದ ಫಲ ಮಾಡಿದವನಿಗೇ ಮರಳುತ್ತದೆ ಎಂಬುದನ್ನು ನಮ್ಮ 'ಕೊಳ್ಳು' ಹೇಳುತ್ತದೆ. ಇಟಾಲಿಯನ್ನಿನಲ್ಲಿ ಇದೇ ಕೆಲಸವನ್ನು ಕ್ರಿಯಾಪದದ ಕೊನೆಯ 'ಸಿ' ಮಾಡುತ್ತದೆ: 'ಅರ್ರಬ್ಯಾರ್ಸಿ', 'ವೆಸ್ತೀರ್ಸಿ', 'ಸ್ಪೊಸಾರ್ಸಿ', 'ಅಬಿತುಆರ್ಸಿ'. ಇವುಗಳ ಎದುರು ಇಂಗ್ಲಿಷಿನಲ್ಲಿ ಕ್ರಮವಾಗಿ 'ಗೆಟ್ ಆಂಗ್ರಿ', 'ಗೆಟ್ ಡ್ರೆಸ್ಡ್', 'ಗೆಟ್ ಮ್ಯಾರೀಡ್', 'ಗೆಟ್ ಯೂಸ್ಡ್ ಟು' ಎಂದು ಬರೆದು ತೋರಿಸಿದಾಗ, ಬೇಕರಿಯಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ತಾವಾಗಿಯೇ ಒದ್ದೆಯಾಗುವುದನ್ನೂ ಕಾಯಿಲೆ ಬೀಳುವುದನ್ನೂ ಸೇರಿಸಿದರು, ಎರಡೂ ಸರಿಯಾಗಿದ್ದವು. ಆದರೆ 'ಸಿ' ಇರುವೆಡೆಯಲ್ಲೆಲ್ಲ 'ಗೆಟ್' ಹಾಕಲಾಗದು. ನೆನಪಿಸಿಕೊಳ್ಳುವುದು 'ರಿಕೊರ್ದಾರ್ಸಿ', ಅದಕ್ಕೆ ಇಂಗ್ಲಿಷಿನಲ್ಲಿ 'ರಿಮೆಂಬರ್' ಸಾಕು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಭಾವವಿದ್ದರೆ ಮಾತ್ರ 'ಗೆಟ್' ಬರುತ್ತದೆ ಎಂದು ಹೇಳಿಕೊಟ್ಟೆ.

ಬೇರೆಯವರಿಂದ ಮಾಡಿಸುವ ಕೆಲಸಗಳಿಗೂ 'ಗೆಟ್' ಬೇಕು. ಕೂದಲು ಕತ್ತರಿಸಿಕೊಂಡು ಬಂದ ಇಟಲಿಯವರು ತಮ್ಮ ಭಾಷೆಯಲ್ಲಿ 'ನಾನು ಕೂದಲು ಕತ್ತರಿಸಿಕೊಂಡೆ' ಎಂದೇ ಹೇಳುತ್ತಾರೆ, ಕ್ಷೌರಿಕನ ಪ್ರಸ್ತಾಪವೇ ಇರುವುದಿಲ್ಲ. ಅದನ್ನೇ ಇಂಗ್ಲಿಷಿಗೆ ತಂದು 'ಐ ಕಟ್ ಮೈ ಹೇರ್' ಎಂದರೆ, ಸ್ವಂತ ಕೈಯಲ್ಲಿ ಕತ್ತರಿ ಹಿಡಿದರೆಂದು ಕೇಳುವವರು ತಿಳಿಯುತ್ತಾರೆ. 'ಐ ಗಾಟ್ ಮೈ ಹೇರ್ ಕಟ್' ಎನ್ನಬೇಕು. ಕನ್ನಡ ಇಲ್ಲಿ ಎಷ್ಟು ಚೊಕ್ಕವಾಗಿದೆಯೆಂದರೆ, 'ಕಟಿಂಗ್ ಮಾಡಿಸಿಕೊಂಡೆ' ಎಂಬಲ್ಲಿ 'ಇಸು' ಬೇರೆಯವರ ಕೈಯನ್ನೂ 'ಕೊಂಡೆ' ನನ್ನ ತಲೆಯನ್ನೂ ಒಟ್ಟಿಗೆ ಹೇಳಿಬಿಡುತ್ತದೆ. ಈ ಒಂದು ಪದವನ್ನು ಬಿಡಿಸಿ ತೋರಿಸಿದ ದಿನ, ನನ್ನ ಭಾಷೆಯ ಲಿಪಿಯನ್ನೂ ಬರೆದು ತೋರಿಸಬೇಕೆಂದು ಅವರು ಕೇಳಿಕೊಂಡರು.

ಉಚ್ಚಾರಣೆಯಲ್ಲಿ ಎರಡು ತೊಡಕುಗಳಿವೆ. ಇಟಾಲಿಯನ್ ಬರವಣಿಗೆಯಲ್ಲಿ 'ಜಿ' ಅಕ್ಷರದ ಮುಂದೆ 'ಇ' ಬಂದರೆ ಅದು 'ಜೆ' ಆಗುತ್ತದೆ, 'ಜೆಲಾತೊ'ದಲ್ಲಿರುವಂತೆ. ಹಾಗಾಗಿ ಹೊಸಬರು 'ಗೆಟ್' ಎಂಬುದನ್ನು 'ಜೆಟ್' ಎಂದು ಓದುತ್ತಾರೆ. ನಮ್ಮವರೊಬ್ಬರು ನೋಟ್‌ಬುಕ್ಕಿನಲ್ಲಿ 'ಜಿ' ಪಕ್ಕ 'ಎಚ್' ಸೇರಿಸಿಕೊಂಡು, 'ಸ್ಪಗೆತ್ತಿ'ಯ ಕಾಗುಣಿತದಂತೆ ಬರೆದು ಅದನ್ನು ಸರಿಪಡಿಸಿಕೊಂಡರು. ಎರಡನೆಯದು, ವ್ಯಂಜನದಲ್ಲಿ ಮುಗಿಯುವ ಪದದ ಕೊನೆಗೆ ಸ್ವರವೊಂದನ್ನು ಸೇರಿಸುವ ಅಭ್ಯಾಸ. ಬಸ್ಸು, ಕಾರು, ಸ್ಕೂಲು ಎನ್ನುವ ನಾವು ಇದನ್ನು ಚೆನ್ನಾಗಿ ಬಲ್ಲೆವು. ಅದೃಷ್ಟವೆಂದರೆ ಅಪ್, ಆನ್, ಆಫ್, ಇನ್, ಔಟ್, ಓವರ್, ಅವೇ, ಅಲಾಂಗ್ ಮುಂತಾದ ಅನೇಕ ಅವ್ಯಯಗಳು ಸ್ವರದಿಂದಲೇ ಶುರುವಾಗುತ್ತವೆ. 'ಗೆಟ್' ಎಂದು ನಿಲ್ಲಿಸದೆ 'ಗೆ-ಟಪ್', 'ಗೆ-ಟಾಫ್' ಎಂದು ಸಂಧಿ ಮಾಡಿ, ಒತ್ತನ್ನು ಅವ್ಯಯದ ಮೇಲೆ ಹಾಕಿದರೆ ಕೊನೆಯ ಸ್ವರದ ತೊಂದರೆಯೇ ಬರುವುದಿಲ್ಲ.

ನಮ್ಮ ಮನೆಯಿರುವ ಬಡಾವಣೆಯಲ್ಲೇ ಜುಸೆಪ್ಪೆ ಬರೆತ್ತಿ ಎಂಬ ಹೆಸರಿನ ರಸ್ತೆಯೊಂದಿದೆ. ಟ್ಯೂರಿನ್ನಿನಲ್ಲಿ 1719ರಲ್ಲಿ ಹುಟ್ಟಿದ ಬರೆತ್ತಿ 1751ರಲ್ಲಿ ಲಂಡನ್ನಿಗೆ ಹೋಗಿ, ಸ್ಯಾಮ್ಯುಯೆಲ್ ಜಾನ್ಸನ್ನನ ಗೆಳೆತನ ಸಂಪಾದಿಸಿ, 1760ರಲ್ಲಿ ಇಂಗ್ಲಿಷ್-ಇಟಾಲಿಯನ್ ನಿಘಂಟನ್ನು ಪ್ರಕಟಿಸಿದ. ಕಲಿಯುವವರು ನಿತ್ಯ ಆ ರಸ್ತೆಯಲ್ಲೇ ನಡೆದು ಬರುವುದರಿಂದ ಅವನ ಬದುಕಿನ ಘಟನೆಯೊಂದನ್ನೇ ಪಾಠಕ್ಕೆ ತಂದೆ. 1769ರಲ್ಲಿ ಲಂಡನ್ನಿನ ಹೇಮಾರ್ಕೆಟ್ ಬೀದಿಯಲ್ಲಿ ಕೆಲವರು ಅವನ ಮೇಲೆ ಬಿದ್ದಾಗ, ಹಣ್ಣು ಕತ್ತರಿಸುವ ಪುಟ್ಟ ಚಾಕುವಿನಿಂದ ಅವನು ತನ್ನನ್ನು ರಕ್ಷಿಸಿಕೊಂಡ. ಗಾಯಗೊಂಡವರಲ್ಲಿ ಒಬ್ಬ ಸತ್ತ. ಕೊಲೆಯ ಆರೋಪದ ಮೇಲೆ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ ಜಾನ್ಸನ್, ರಾಜಕಾರಣಿ ಎಡ್ಮಂಡ್ ಬರ್ಕ್, ಚಿತ್ರಕಾರ ರೆನಾಲ್ಡ್ಸ್, ನಟ ಗ್ಯಾರಿಕ್ ಮೊದಲಾದವರು ಅವನ ನಡತೆಯ ಪರವಾಗಿ ಸಾಕ್ಷಿ ಹೇಳಿದರು. ಆತ್ಮರಕ್ಷಣೆಯೆಂದು ಒಪ್ಪಿ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಈಗ ಪ್ರಶ್ನೆ: ಬರೆತ್ತಿ 'ಗಾಟ್ ಆಫ್' ಎನ್ನಬೇಕೇ, 'ಗಾಟ್ ಅವೇ ವಿತ್ ಇಟ್' ಎನ್ನಬೇಕೇ? ಎರಡೂ ಪಾರಾಗುವುದೇ, ಆದರೆ ಎರಡನೆಯದರಲ್ಲಿ ತಪ್ಪು ಮಾಡಿಯೂ ದಕ್ಕಿಸಿಕೊಂಡನೆಂಬ ಆಪಾದನೆ ಇದೆ. ಇಟಾಲಿಯನ್ನಿನ 'ಫಾರ್ಲ ಫ್ರಾಂಕ' ಅದಕ್ಕೆ ಸರಿಹೊಂದುತ್ತದೆ. ಮೊದಲನೆಯದು ಆರೋಪದಿಂದ ಶಿಕ್ಷೆಯಿಲ್ಲದೆ ಹೊರಬಂದ ಎಂಬಷ್ಟನ್ನು ಹೇಳುತ್ತದೆ. ನಮ್ಮ ಊರಿನವನನ್ನು 'ಗಾಟ್ ಅವೇ' ಎನ್ನಲು ಬಿಡುವುದಿಲ್ಲವೆಂದು ಐವರೂ ಅರ್ಧ ಗಂಟೆ ಇಂಗ್ಲಿಷಿನಲ್ಲೇ ವಾದ ಮಾಡಿದರು. ಅಷ್ಟು ಸಹಜವಾಗಿ ಅವರು ಅಲ್ಲಿಯವರೆಗೆ ಎಂದೂ ಮಾತಾಡಿರಲಿಲ್ಲ.

'ಗೆಟ್' ಪದವೇನೂ ಅವರಿಗೆ ಪೂರ್ತಿ ಪರಕೀಯವಲ್ಲ. ವೈಕಿಂಗರ ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಈ ಪದವೂ, ಲ್ಯಾಟಿನ್ನಿನಿಂದ ಇಳಿದ ಇಟಾಲಿಯನ್ನಿನ 'ಪ್ರೆಂದೆರೆ'ಯೂ ಹಿಡಿಯುವುದು ಎಂಬ ಅರ್ಥದ ಒಂದೇ ಇಂಡೋ-ಯುರೋಪಿಯನ್ ಧಾತುವಿನಿಂದ ಹುಟ್ಟಿದವೆಂದು ನಿರುಕ್ತಕಾರರು ಹೇಳುತ್ತಾರೆ. ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತೆಂಟು 'ತೆಗೆದುಕೊಂಡೆ' ಎನ್ನುವ ಇಟಲಿಯ ವಿದ್ಯಾರ್ಥಿ, ಇಂಗ್ಲಿಷಿನಲ್ಲಿ 'ಟೇಕ್' ಬಿಟ್ಟು ಅದರ ಬದಲಿಗೆ 'ಗೆಟ್' ಇಟ್ಟರೆ ಸಾಕು. ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದರೆ ಇವರು ಕೊಡುವ ಉತ್ತರ 'ಮೆ ಲ ಕಾವೊ', ಹೇಗೋ ನಿಭಾಯಿಸುತ್ತೇನೆ ಎಂದು. ಅದಕ್ಕೆ 'ಐ ಗೆಟ್ ಬೈ' ಎಂಬುದಕ್ಕಿಂತ ಹತ್ತಿರದ ಮಾತು ನನಗೆ ತಿಳಿಯದು.

ಕಳೆದ ತಿಂಗಳು ನಮ್ಮ ನರ್ಸ್ ಕಳವಳದಿಂದ ಬಂದರು. ಲೀಡ್ಸಿಗೆ ಎರಡು ವಾರ ಹೋಗುವವರಿದ್ದ ಅವರು ಇಂಗ್ಲಿಷ್ ಅಳಿಯನಿಗೆ ತಾವೇ ಸಂದೇಶ ಬರೆದಿದ್ದರು: 'ಐ ಹ್ಯಾವ್ ಗಾಟ್ ಟು ಲುಕ್ ಆಫ್ಟರ್ ಹರ್ ಎವ್ರಿ ಡೇ.' ನಿಮಗೆ ಅಷ್ಟು ಹೊರೆಯಾಗುವುದು ಬೇಡ, ಮಗುವಿಗೆ ಬೇರೆ ಏರ್ಪಾಡು ಮಾಡುತ್ತೇವೆ ಎಂದು ಅಳಿಯ ಬಹಳ ವಿನಯದಿಂದ ಉತ್ತರಿಸಿದ್ದರು. ತಾವು ಬರೆದದ್ದು ಸಂತೋಷದ ಮಾತಾಗಿತ್ತಲ್ಲ ಎಂದು ನರ್ಸ್ ಕಣ್ಣೊರೆಸಿಕೊಂಡರು. 'ಹ್ಯಾವ್ ಗಾಟ್ ಟು' ಎಂದರೆ ಮಾಡಲೇಬೇಕಾದ ಕೆಲಸ, ಇಟಾಲಿಯನ್ನಿನ 'ಮಿ ತೊಕ್ಕ'. 'ಗೆಟ್ ಟು' ಎಂದರೆ ಒದಗಿಬಂದ ಭಾಗ್ಯ. ಹೊರೆಗೂ ಭಾಗ್ಯಕ್ಕೂ ನಡುವೆ ಇಷ್ಟು ಸಣ್ಣ ಅಂತರವಿರುವುದನ್ನು ನಾನು ಅವರಿಗೆ ಮೊದಲೇ ಹೇಳಿಕೊಡಬೇಕಿತ್ತು. ಈ ಎರಡನೆಯದಕ್ಕೆ ಇಟಾಲಿಯನ್ನಿನಲ್ಲಿ ಒಂದೇ ಪದದ ಸಾಟಿ ಇಲ್ಲ. ನಮ್ಮಲ್ಲಿ 'ಸಿಗು' ಇದೆ: ಮಗುವನ್ನು ದಿನವೂ ನೋಡಲು ಸಿಗುತ್ತದೆ ಎನ್ನುತ್ತೇವೆ, ಅದು ನಮ್ಮ ಕೈಯಲ್ಲಿಲ್ಲದ, ತಾನಾಗಿ ಬಂದು ದಕ್ಕುವ ಸಂಗತಿ ಎಂಬಂತೆ. ಅದನ್ನು ಅವರಿಗೆ ವಿವರಿಸಿ ಹೇಳಿದೆ.

ಅವರು ಫೋನು ತೆಗೆದು 'ಐ ಗೆಟ್ ಟು ಲುಕ್ ಆಫ್ಟರ್ ಹರ್ ಎವ್ರಿ ಡೇ' ಎಂದು ಮತ್ತೆ ಬರೆದು ಕಳುಹಿಸಿದರು. ಫೋನನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನನ್ನು ಏನೂ ಕೇಳದೆ ನೋಟ್‌ಬುಕ್ಕಿನಲ್ಲಿ ಇನ್ನೊಂದು ವಾಕ್ಯ ಬರೆದು ನನ್ನ ಕಡೆಗೆ ತಿರುಗಿಸಿದರು: 'ಐ ಡಿಡ್ ನಾಟ್ ಗೆಟ್ ಟು ಸೀ ಹರ್ ಫಸ್ಟ್ ಸ್ಟೆಪ್ಸ್.' ಮೊಮ್ಮಗಳು ಇಟ್ಟ ಮೊದಲ ಹೆಜ್ಜೆ ಅವರಿಗೆ ನೋಡಲು ಸಿಕ್ಕಿರಲಿಲ್ಲ. ಆ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.